ಮೂತ್ರಪಿಂಡ ರೋಗವೂ ನಮ್ಮ ತಾಲ್ಲೂಕುಗಳೂ

ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಒಂದು ಡಯಾಲಿಸಿಸ್ ಯಂತ್ರ ಬಂದರೆ ಅದಕ್ಕೊಂದು ಸಮಾರಂಭವಾಗುತ್ತದೆ. ಮಾಲಾರ್ಪಣೆಯಾಗುತ್ತದೆ, ಭಾಷಣಗಳಾಗುತ್ತವೆ, ಅದರ ಭಾವಚಿತ್ರ ನಮ್ಮ ಕಛೇರಿಗೂ ಬರುತ್ತದೆ, ನಾವೂ ಅದನ್ನು ಅಚ್ಚುಹಾಕುತ್ತೇವೆ. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ೨೦೧೬ರ ಕೇಂದ್ರ ಆಯವ್ಯಯದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಸಾರಿದುದೂ, ನಮ್ಮ ರಾಜ್ಯದಲ್ಲಿ ಈ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದುದೂ ಬಡವರ ಪ್ರಾಣವನ್ನು ಉಳಿಸಿದ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಹಿಂದೆ ಇದೇ ಚಿಕಿತ್ಸೆಗಾಗಿ ಮನೆ ಮಠ ಮಾರಿಕೊಂಡವರನ್ನು ನಾವು ಬಲ್ಲೆವು. ಆದರೆ ಆ ಯಂತ್ರದ ಬಳಿಗೆ ಮನುಷ್ಯನು ಹೋಗದಂತೆ ಮಾಡಬಲ್ಲ ಎರಡು ಸಣ್ಣ ಪರೀಕ್ಷೆಗಳುಂಟು. ಅವುಗಳಿಗೆ ಯಾವ ಸಮಾರಂಭವೂ ಇಲ್ಲ, ಯಾವ ಭಾವಚಿತ್ರವೂ ಇಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ.

ಮೂತ್ರಪಿಂಡಗಳು ಮೌನವಾಗಿ ದುಡಿಯತಕ್ಕ ಅಂಗಗಳು; ಮೌನವಾಗಿಯೇ ಸಾಯುತ್ತವೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿದ್ದು, ಎರಡೂ ಕೂಡಿ ದಿನವೊಂದಕ್ಕೆ ಸುಮಾರು ೧೮೦ ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಇವುಗಳಲ್ಲಿ ಅರ್ಧ ಹಾಳಾದರೂ ನೋವಿಲ್ಲ, ಜ್ವರವಿಲ್ಲ, ಊಟ ನಿದ್ರೆಗಳಿಗೆ ಭಂಗವಿಲ್ಲ. ಕಾಲು ಬಾತು, ಮುಖ ಊದಿ, ಏದುಸಿರು ಹತ್ತುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಭಾರತದ ಮೂತ್ರಪಿಂಡ ರೋಗಿಗಳ ದಾಖಲೆಯೊಂದು ೨೦೧೨ರಲ್ಲಿ ಪ್ರಕಟವಾಯಿತು. ಅದರಲ್ಲಿ ಸೇರಿದ್ದವರು ೫೨ ಸಾವಿರಕ್ಕೂ ಮಿಕ್ಕ ವಯಸ್ಕರು. ಅವರಲ್ಲಿ ನೂರಕ್ಕೆ ೪೮ ಮಂದಿ ತಜ್ಞವೈದ್ಯರನ್ನು ಮೊದಲು ಕಂಡಾಗಲೇ ರೋಗದ ಐದನೆಯ ಹಂತದಲ್ಲಿದ್ದರು, ಎಂದರೆ ಕೊನೆಯ ಹಂತದಲ್ಲಿದ್ದರು. ಕಾರಣಗಳಲ್ಲಿ ಮಧುಮೇಹವು ನೂರಕ್ಕೆ ೩೧ರಷ್ಟಾಗಿ ಮೊದಲನೆಯದು. ಕಾರಣವೇ ಗೊತ್ತಾಗದವರು ನೂರಕ್ಕೆ ೧೬. ಮರುವರ್ಷ ಪ್ರಕಟವಾದ ಇನ್ನೊಂದು ತಪಾಸಣೆಯಲ್ಲಿ, ದೇಶದ ಹಲವು ಕೇಂದ್ರಗಳಲ್ಲಿ ಪರೀಕ್ಷೆಗೊಳಗಾದ ಐದೂವರೆ ಸಾವಿರ ಜನರ ಪೈಕಿ ನೂರಕ್ಕೆ ೧೭ ಮಂದಿಗೆ ಈ ರೋಗದ ಯಾವುದಾದರೊಂದು ಹಂತವಿತ್ತು.

ಅಂಕಿಗಳನ್ನು ಓದಿ ಪುಟ ತಿರುಗಿಸುವುದು ಸುಲಭ, ನಾವೂ ತಿರುಗಿಸಿದವರೇ. ನಮ್ಮ ಅಚ್ಚುಕೂಟದಲ್ಲಿ ಬಹುಕಾಲ ದುಡಿದ, ಚನ್ನಪಟ್ಟಣದ ಕಡೆಯ ಒಬ್ಬರಿಗೆ ಸಕ್ಕರೆ ಕಾಯಿಲೆಯಿತ್ತು. ಮೂರು ತಿಂಗಳಿಗೊಮ್ಮೆ ರಕ್ತದ ಸಕ್ಕರೆಯನ್ನು ನೋಡಿಸಿಕೊಂಡು, ಮಾತ್ರೆ ನುಂಗಿಕೊಂಡು, ತಮ್ಮ ಆರೋಗ್ಯವು ಹತೋಟಿಯಲ್ಲಿದೆಯೆಂದು ಅವರು ನಂಬಿದ್ದರು. ಕಾಲು ಊದಿದಾಗ ದಿನವೆಲ್ಲ ಯಂತ್ರದ ಮುಂದೆ ನಿಂತದ್ದರಿಂದ ಎಂದುಕೊಂಡರು. ನೋವಿಗೆ ಅಂಗಡಿಯಿಂದ ತಂದ ಗುಳಿಗೆ. ಅಷ್ಟು ವರ್ಷಗಳಲ್ಲಿ ಅವರ ಮೂತ್ರವನ್ನು ಆಲ್ಬುಮಿನ್ ಇದೆಯೇ ಎಂದು ಒಂದು ಬಾರಿಯೂ ಯಾರೂ ಪರೀಕ್ಷಿಸಲಿಲ್ಲ; ಪರೀಕ್ಷಿಸಿರೆಂದು ಕೇಳಲು ಅವರಿಗೂ ತಿಳಿಯದು, ನಮಗೂ ತಿಳಿಯದು. ನಾವು ಅವರಿಗೆ ಮುಂಗಡ ಕೊಟ್ಟೆವು, ರಜೆ ಕೊಟ್ಟೆವು. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಈಗ ಅವರು ವಾರಕ್ಕೆ ಮೂರು ದಿನ ನಸುಕಿನ ಬಸ್ಸು ಹಿಡಿಯುತ್ತಾರೆ. ಒಂದು ಸಲಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ ೧೫೬ ದಿನ ಯಂತ್ರದ ಪಕ್ಕದಲ್ಲಿ ಕಳೆಯುತ್ತಾರೆ. ಚಿಕಿತ್ಸೆ ಉಚಿತವೇ, ಆದರೆ ಅವರ ಕೂಲಿಯೂ, ಜತೆಗೆ ಹೋಗುವ ಹೆಂಡತಿಯ ಕೂಲಿಯೂ ಆ ದಿನ ಇಲ್ಲ. ಉಚಿತವೆಂಬ ಮಾತಿನ ಒಳಗೆ ಇಷ್ಟು ವೆಚ್ಚ ಅಡಗಿದೆಯೆಂಬುದನ್ನು ಆಯವ್ಯಯ ಬರೆಯುವ ಮಹನೀಯರು ಗಮನಿಸಬೇಕು.

ಈ ಸಂಗತಿಯ ತರುವಾಯ ನಾವು ಪ್ರಕೃತ ವಿಷಯದ ಬಗೆಗೆ ಓದತೊಡಗಿದೆವು. ನಾವು ವೈದ್ಯರಲ್ಲ. ಪಾಠಶಾಲೆಯ ಪಾಠವೂ ಮೆಟ್ರಿಕ್ಯುಲೇಷನ್ನಿನ ಇಂಗ್ಲಿಷೂ ನಮ್ಮ ಬಂಡವಾಳ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಸಂದೇಹ ಬಂದಲ್ಲಿ ವೈದ್ಯಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ. ಕೆಡಿಗೋ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು ಈ ರೋಗದ ಚಿಕಿತ್ಸೆಗೆ ಮಾರ್ಗಸೂಚಿಗಳನ್ನು ರಚಿಸುತ್ತದೆ. ೨೦೧೨ರ ಮಾರ್ಗಸೂಚಿಯನ್ನು ಪರಿಷ್ಕರಿಸಿ ೨೦೨೪ರ ಮಾರ್ಚಿ ತಿಂಗಳಲ್ಲಿ ಹೊಸದನ್ನು ಪ್ರಕಟಿಸಿತು. ಗ್ರಂಥ ದೊಡ್ಡದು, ಭಾಷೆ ಬಿಗಿಯಾದುದು. ಆದರೆ ಅದರ ಮೊದಲ ಮಾತು ನಮ್ಮ ಹಳ್ಳಿಯ ದಾದಿಗೂ ಅರ್ಥವಾಗುವಷ್ಟು ಸರಳವಾಗಿದೆ. ಮಧುಮೇಹ, ರಕ್ತದ ಒತ್ತಡ, ಹೃದ್ರೋಗ ಇವುಗಳುಳ್ಳವರನ್ನೂ, ಮನೆತನದಲ್ಲಿ ಈ ರೋಗವಿರುವವರನ್ನೂ, ಹಿಂದೆ ಒಮ್ಮೆ ಮೂತ್ರಪಿಂಡಕ್ಕೆ ಹಠಾತ್ತಾಗಿ ಪೆಟ್ಟು ಬಿದ್ದವರನ್ನೂ ಪರೀಕ್ಷಿಸಿರಿ. ಪರೀಕ್ಷಿಸುವಾಗ ರಕ್ತ ಮೂತ್ರಗಳೆರಡನ್ನೂ ಪರೀಕ್ಷಿಸಿರಿ. ದೋಷ ಕಂಡರೆ ಮತ್ತೆ ನೋಡಿರಿ. ಮೂರು ತಿಂಗಳಿಗೂ ಮಿಕ್ಕಿ ದೋಷ ನಿಂತರೆ ಅದು ದೀರ್ಘಕಾಲೀನ ರೋಗ.

ಇಲ್ಲಿ ಎರಡನ್ನೂ ಎಂಬ ಮಾತು ಮುಖ್ಯವಾದುದು. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ೩೦ ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಬುಮಿನ್ ಹೋಗುತ್ತಿದ್ದರೆ ಜರಡಿ ಹರಿಯತೊಡಗಿದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಪರೀಕ್ಷೆ ಏನನ್ನೂ ಹೇಳದಿರುವ ಕಾಲದಲ್ಲಿಯೇ ಇದು ಅನೇಕ ವೇಳೆ ಎಚ್ಚರಿಕೆ ಕೊಡುತ್ತದೆ. ಪ್ರಯೋಗಶಾಲೆಯಿಲ್ಲದ ಕಡೆ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯಾದರೂ ಆಗಬಹುದು. ಅದು ಅಲ್ಪಪ್ರಮಾಣವನ್ನು ಕಾಣಲಾರದು, ಆದುದರಿಂದ ಅನುಮಾನ ಬಂದವರನ್ನು ಮುಂದಿನ ಪರೀಕ್ಷೆಗೆ ಕಳುಹಿಸಬೇಕು.

ರಕ್ತದ ಪರೀಕ್ಷೆಯ ವಿಚಾರದಲ್ಲಿ ವಾಚಕರು ಒಂದು ಮೋಸವನ್ನು ತಿಳಿದಿರಬೇಕು. ಕ್ರಿಯಾಟಿನಿನ್ ೧.೨ ಎಂದು ವರದಿ ಬಂದರೆ ಮಿತಿಯಲ್ಲಿದೆಯೆಂದು ಹೇಳಿ ಕಳುಹಿಸುವ ರೂಢಿಯುಂಟು. ಆದರೆ ಅರವತ್ತು ವರ್ಷದ ಹೆಂಗಸಿಗೆ ಅದೇ ೧.೨ ಇದ್ದಲ್ಲಿ, ಈಗ ಬಳಕೆಯಲ್ಲಿರುವ ಸೂತ್ರದಂತೆ ಗುಣಿಸಿದರೆ ಸೋಸುವ ಶಕ್ತಿಯು ಸುಮಾರು ೫೨ಕ್ಕೆ ಇಳಿದಿರುತ್ತದೆ; ೬೦ಕ್ಕಿಂತ ಕೆಳಗೆ ನಿಂತರೆ ರೋಗವೆಂದೇ ಲೆಕ್ಕ. ಅಷ್ಟೇ ಅಲ್ಲ, ಕ್ರಿಯಾಟಿನಿನ್ ಮಾಂಸಖಂಡದಿಂದ ಹುಟ್ಟತಕ್ಕ ವಸ್ತು. ಮೈಯಲ್ಲಿ ಮಾಂಸವಿಲ್ಲದ ಬಡಕಲು ಕೂಲಿಗಾರ್ತಿಯ ರಕ್ತದಲ್ಲಿ ಅದು ಕಡಿಮೆಯೇ ಇರುತ್ತದೆ. ಆಕೆಯ ಬಡತನವೇ ಆಕೆಯ ರೋಗವನ್ನು ಮುಚ್ಚಿಡುತ್ತದೆ. ಇದಕ್ಕಾಗಿ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ವಸ್ತುವನ್ನೂ ಕೂಡಿಸಿ ಅಳೆಯುವುದು ಲೇಸೆಂದು ಹೊಸ ಮಾರ್ಗಸೂಚಿ ಹೇಳುತ್ತದೆ. ಸೂತ್ರದ ಮಾತು ಪಂಡಿತರ ಜಗಳವೆಂದು ತಳ್ಳುವಂತಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು ಎರಡು ಸಾವಿರ ಜನರನ್ನು ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದು ಸೂತ್ರದಂತೆ ನೂರಕ್ಕೆ ಸುಮಾರು ೬ ಮಂದಿ ರೋಗಿಗಳು. ಇನ್ನೊಂದು ಸೂತ್ರದಂತೆ ೧೬ಕ್ಕೂ ಮಿಕ್ಕು. ಜನ ಅವರೇ, ರಕ್ತ ಅದೇ. ಕನ್ನಡ ನಾಡಿನ ಹಳ್ಳಿಗರ ಮೈಗೆ ಒಪ್ಪುವ ಅಳತೆಗೋಲು ಬೇಕೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ.

ರೋಗವನ್ನು ಮೊದಲೇ ಕಂಡುಹಿಡಿದು ಪ್ರಯೋಜನವೇನು, ಗುಣವಾಗುವಂಥದಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ಅರ್ಧ ಉತ್ತರವಿತ್ತು. ಇಂದು ಪೂರ್ತಿ ಉತ್ತರವುಂಟು. ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಮೊದಲಾದ ಒತ್ತಡದ ಮಾತ್ರೆಗಳು ಮೂತ್ರದಲ್ಲಿ ಆಲ್ಬುಮಿನ್ ಸೋರುವವರ ಜರಡಿಯ ಮೇಲಣ ಭಾರವನ್ನು ಇಳಿಸುತ್ತವೆ. ಇವು ಅಗ್ಗದ ಔಷಧಗಳು. ತರುವಾಯ ಬಂದದ್ದು ಡಪಾಗ್ಲಿಫ್ಲೋಜಿನ್. ಇದು ಸಕ್ಕರೆ ಕಾಯಿಲೆಯ ಮಾತ್ರೆಯಾಗಿ ಹುಟ್ಟಿತು. ೨೦೨೦ರಲ್ಲಿ ಪ್ರಕಟವಾದ, ೪,೩೦೪ ರೋಗಿಗಳ ಮೇಲಿನ ಪ್ರಯೋಗದಲ್ಲಿ, ಹುಸಿಮಾತ್ರೆ ತೆಗೆದುಕೊಂಡವರ ಪೈಕಿ ನೂರಕ್ಕೆ ೧೪.೫ ಮಂದಿಗೆ ಮೂತ್ರಪಿಂಡ ತೀವ್ರವಾಗಿ ಕೆಟ್ಟಿತು ಅಥವಾ ಮೂತ್ರಪಿಂಡ, ಹೃದಯಗಳ ಕಾರಣದಿಂದ ಮರಣವೊದಗಿತು. ಈ ಮಾತ್ರೆಯನ್ನು ಪಡೆದವರಲ್ಲಿ ನೂರಕ್ಕೆ ೯.೨. ಫಲ ಇಷ್ಟು ನಿಚ್ಚಳವಾದುದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಸಕ್ಕರೆ ಕಾಯಿಲೆಯಿಲ್ಲದವರಿಗೂ ಗುಣ ಕಂಡಿತೆಂಬುದು ವಿಶೇಷ. ಇದರ ಪೇಟೆಂಟು ಭಾರತದಲ್ಲಿ ಅದೇ ೨೦೨೦ರಲ್ಲಿ ಮುಗಿಯಿತು. ಇದರ ತಂಗಿಯಾದ ಎಂಪಾಗ್ಲಿಫ್ಲೋಜಿನ್ನಿನದು ೨೦೨೫ರಲ್ಲಿ ಮುಗಿಯಿತು. ನಮ್ಮ ದೇಶದ ಕಾರ್ಖಾನೆಗಳೇ ಇವನ್ನು ತಯಾರಿಸುತ್ತಿವೆ, ಬೆಲೆ ಇಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯು ಈ ವರ್ಗದ ಔಷಧವನ್ನು ೨೦೨೧ರಲ್ಲಿಯೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರುವುದೊಂದೇ ಉಳಿದಿದೆ.

ಔಷಧವನ್ನು ಕೊಡುವುದರಷ್ಟೇ ಮುಖ್ಯವಾದುದು ಅದನ್ನು ಅಕಾಲದಲ್ಲಿ ನಿಲ್ಲಿಸದಿರುವುದು. ಮೇಲೆ ಹೇಳಿದ ಒತ್ತಡದ ಮಾತ್ರೆಗಳನ್ನು ಆರಂಭಿಸಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುವುದುಂಟು. ನಾಲ್ಕು ವಾರಗಳೊಳಗೆ ನೂರಕ್ಕೆ ೩೦ರಷ್ಟನ್ನು ಮೀರದಿದ್ದರೆ ಮಾತ್ರೆಯನ್ನು ಮುಂದುವರಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ವರದಿಯಲ್ಲಿ ಅಂಕಿ ಏರಿತೆಂದು ಹೆದರಿ, ಕಾಪಾಡುತ್ತಿದ್ದ ಮಾತ್ರೆಯನ್ನೇ ಬಿಟ್ಟವರೆಷ್ಟೋ. ಇಂಥ ಸಂಗತಿ ತಜ್ಞರ ಪುಸ್ತಕದಲ್ಲಿದ್ದರೆ ಸಾಲದು. ಪ್ರಾಥಮಿಕ ಆರೋಗ್ಯಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿರಬೇಕು. ಒತ್ತಡದ ಮೇಲಂಕಿ ೧೨೦ಕ್ಕಿಂತ ಕೆಳಗಿರಲಿ, ತಾಳಿಕೊಳ್ಳಬಲ್ಲವರಿಗೆ. ಉಪ್ಪು ದಿನಕ್ಕೆ ಐದು ಗ್ರಾಮಿನೊಳಗಿರಲಿ. ಇವೂ ಅದೇ ಗೋಡೆಯ ಮೇಲೆ ಬರಲಿ.

ಇನ್ನು ನಮ್ಮ ಸೀಮೆಯ ಅಡಿಗೆಮನೆಯ ವಿಚಾರ. ರೋಗ ಬಲಿತು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ, ಸೊಪ್ಪು ತರಕಾರಿಗಳನ್ನು ಬೇಯಿಸಿ ನೀರನ್ನು ಚೆಲ್ಲಿ ತಿನ್ನಬೇಕೆಂದು ವೈದ್ಯರು ಹೇಳುತ್ತಾರೆ. ಈ ತಾಲ್ಲೂಕುಗಳಲ್ಲಿ ನಾವು ಮಾಡುವುದೇನು? ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ನೀರಿಗೇ ಖಾರ ಅರೆದು ಹಾಕಿ, ಬಸ್ಸಾರು ಮಾಡಿ ಮುದ್ದೆಗೆ ಸುರಿದುಕೊಳ್ಳುತ್ತೇವೆ! ಆರೋಗ್ಯವಂತನಿಗೆ ಅದು ಅಮೃತ. ನಾವು ಅದರ ಭಕ್ತರು. ಚೆಲ್ಲಬೇಕಾದುದನ್ನೇ ಉಣ್ಣುವ ರೋಗಿಗೆ ಮಾತ್ರ ಅದು ಹೃದಯವನ್ನು ನಿಲ್ಲಿಸಬಲ್ಲ ವಸ್ತುವಿನ ಕಷಾಯ. ಎಳನೀರೂ ಹಾಗೆಯೇ. ಆಸ್ಪತ್ರೆಯಿಂದ ಹೊರಬಂದ ರೋಗಿಗೆ ತಂಪೆಂದು ಮೈಸೂರು ರಸ್ತೆಯ ಬದಿಯಲ್ಲಿ ಎಳನೀರು ಕೊಚ್ಚಿಸಿ ಕುಡಿಸುವ ಬಂಧುವಿನ ಪ್ರೀತಿ ದೊಡ್ಡದು. ಡಯಾಲಿಸಿಸ್ ರೋಗಿಗೆ ಆ ಪ್ರೀತಿಯಿಂದ ಅಪಾಯವುಂಟು. ಇಂಗ್ಲಿಷಿನಲ್ಲಿ ಅಚ್ಚಾದ ಪಥ್ಯದ ಹಾಳೆಯಲ್ಲಿ ಬಾಳೆಯ ಹಣ್ಣಿನ ಹೆಸರಿರುತ್ತದೆ, ಟೊಮೇಟೋ ಹೆಸರಿರುತ್ತದೆ. ಬಸ್ಸಾರಿನ ಹೆಸರನ್ನು ನಾವೇ ಬರೆದುಕೊಳ್ಳಬೇಕು. ಹಾಗೆಂದು ಸಕ್ಕರೆಯೋ ಒತ್ತಡವೋ ಇದ್ದವರೆಲ್ಲರೂ ಇಂದೇ ಸೊಪ್ಪು ಬಿಡಬೇಕೆಂದು ಯಾರೂ ತಿಳಿಯಬಾರದು. ಇದು ರಕ್ತವನ್ನು ಪರೀಕ್ಷಿಸಿ ವೈದ್ಯರು ಹೇಳಿದವರಿಗೆ ಮಾತ್ರ ಸಲ್ಲುವ ಪಥ್ಯ.

ನೋವಿನ ಗುಳಿಗೆಯ ಮಾತನ್ನು ಬಿಡುವಂತಿಲ್ಲ. ಕನಕಪುರದ ಕಡೆ ಕಲ್ಲು ಒಡೆಯುವವರು, ರಾಮನಗರದಲ್ಲಿ ರೇಷ್ಮೆ ಬಿಚ್ಚುವವರು, ದಿನವೆಲ್ಲ ಬೆನ್ನು ಬಗ್ಗಿಸಿ ದುಡಿದು ರಾತ್ರಿ ಒಂದು ಡೈಕ್ಲೊಫೆನಾಕ್ ನುಂಗಿ ಮಲಗುವುದು ನಿತ್ಯದ ಸಂಗತಿಯಾಗಿದೆ. ಚೀಟಿಯಿಲ್ಲದೆ ಮಾರುವವರು ಮಾರುತ್ತಾರೆ. ಈ ವರ್ಗದ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ನೀರು ಕುಡಿಯದೆ ಬಿಸಿಲಲ್ಲಿ ದುಡಿದ ದೇಹದಲ್ಲಿ ಮತ್ತಷ್ಟು. ರಾಗಿಯ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಬದುಕಿಬಂದವರದೂ ಇಂಥದೇ ಮರೆತುಹೋದ ಕಥೆ. ಆ ವಿಷ ಮೂತ್ರಪಿಂಡವನ್ನು ಹೊಡೆಯುತ್ತದೆ. ಅಂಥ ಪೆಟ್ಟು ತಿಂದವರನ್ನು ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಬೇಕೆಂದು ಮಾರ್ಗಸೂಚಿಯುಂಟು. ಗಾಯ ಮಾಯ್ದ ರೈತ ಆಸ್ಪತ್ರೆಗೆ ಮತ್ತೆ ಹೋಗುವುದೆಲ್ಲಿ, ಯಾರಾದರೂ ಕರೆಯದ ಹೊರತು?

ಕಾರಣ ಗೊತ್ತಾಗದ ರೋಗದ ಬಗೆಗೆ ಸಂಶೋಧನೆ ನಡೆಯಬೇಕಾದ ಸ್ಥಳವೂ ನಮ್ಮದೇ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿಯೂ, ಸಿಂಹಳದ್ವೀಪದ ಉತ್ತರ ಮಧ್ಯಭಾಗದಲ್ಲಿಯೂ, ಮಧ್ಯ ಅಮೆರಿಕೆಯ ಕಬ್ಬಿನ ಗದ್ದೆಗಳಲ್ಲಿಯೂ ಸಕ್ಕರೆಯಾಗಲಿ ಒತ್ತಡವಾಗಲಿ ಇಲ್ಲದ ದುಡಿಮೆಗಾರರು ಮೂತ್ರಪಿಂಡ ಕೆಟ್ಟು ಸತ್ತಿದ್ದಾರೆ. ಮಧ್ಯ ಅಮೆರಿಕೆಯಲ್ಲಿ ಬಿಸಿಲಿನ ಬೇಗೆಯ ಕಡೆಗೆ ಸಂಶೋಧಕರು ಬೆರಳು ತೋರಿಸುತ್ತಾರೆ. ಬೇರೆಡೆ ನೀರು, ಕ್ರಿಮಿನಾಶಕ, ಲೋಹಗಳ ವಿಚಾರದಲ್ಲಿ ವಾದ ನಡೆದಿದೆ. ಮೂತ್ರಪಿಂಡದ ಆರೋಗ್ಯದ ಬಗೆಗೆ ೨೦೨೫ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ನಿರ್ಣಯವೊಂದನ್ನು ಅಂಗೀಕರಿಸಿತು. ಅದನ್ನು ಮುಂದೆ ನಿಂತು ತಂದದ್ದು ಕಬ್ಬಿನ ನಾಡಾದ ಗ್ವಾಟೆಮಾಲಾ. ರಾಮನಗರದ ಬಿಚ್ಚಣಿಕೆಯ ಮನೆಗಳಲ್ಲಿ ಗೂಡು ಬೇಯುವ ಕುದಿನೀರಿನ ಹಬೆಯಲ್ಲಿ ಹೊತ್ತುಗಟ್ಟಲೆ ಕುಳಿತವರನ್ನು ನೋಡಿದವರಿಗೆ ಬೇಗೆಯೆಂದರೇನೆಂದು ಹೇಳಬೇಕಾಗಿಲ್ಲ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲದ ಕೆರೆಯನ್ನು ಹೊಕ್ಕು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಆ ನೀರಿನಲ್ಲಿ ಬೆಳೆ ಬೆಳೆಯುತ್ತಿದೆ. ಇದರಿಂದ ಮೂತ್ರಪಿಂಡ ಕೆಟ್ಟಿತೆಂದು ನಾವು ಆರೋಪಿಸುವುದಿಲ್ಲ; ಪ್ರಮಾಣವಿಲ್ಲದೆ ಕೂಗೆಬ್ಬಿಸುವುದು ಪತ್ರಿಕಾಧರ್ಮವಲ್ಲ. ಪ್ರಮಾಣವನ್ನು ಹುಡುಕಿರೆಂದು ಕೇಳುತ್ತೇವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಆವರಣವು ರಾಮನಗರದ ಅರ್ಚಕರಹಳ್ಳಿಗೆ ಬರುವುದೆಂಬ ಮಾತನ್ನು ನಾವು ಬಹುವರ್ಷಗಳಿಂದ ಕೇಳುತ್ತಿದ್ದೇವೆ. ಕಟ್ಟಡಕ್ಕೆ ಕಲ್ಲು ಬೇಕು, ಸಿಮೆಂಟು ಬೇಕು. ಬಿಚ್ಚಣಿಕೆಯ ಮನೆಯಲ್ಲಿ, ಕ್ವಾರಿಯಲ್ಲಿ, ಬೈರಮಂಗಲದ ಬಯಲಿನಲ್ಲಿ ಕ್ರಮವಾಗಿ ರಕ್ತ ಮೂತ್ರಗಳನ್ನು ಪರೀಕ್ಷಿಸಲು ಬೇಕಾದುದು ಕೆಲವು ಮಂದಿ ಉತ್ಸಾಹಿಗಳಾದ ವಿದ್ಯಾರ್ಥಿಗಳು ಮಾತ್ರ. ವಿಶ್ವವಿದ್ಯಾನಿಲಯದವರು ಕಟ್ಟಡಕ್ಕಾಗಿ ಕಾಯದೆ ಈ ಕೆಲಸದಿಂದಲೇ ನಮ್ಮ ಊರಿನ ಪ್ರವೇಶ ಮಾಡಲಿ.

ಸರ್ಕಾರದವರು ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ೨೦೨೩ರ ಪರಿಷ್ಕೃತ ಕಾರ್ಯಸೂಚಿಯಲ್ಲಿ ಮೂತ್ರಪಿಂಡ ರೋಗಕ್ಕೂ ಸ್ಥಾನ ದೊರೆತಿದೆ. ರಾಜ್ಯ ಸರ್ಕಾರವು ೨೦೨೪ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಹೋಗಿ ಸಕ್ಕರೆ, ಒತ್ತಡಗಳನ್ನು ನೋಡುವ ಏರ್ಪಾಡುಂಟು. ಬೆರಳು ಚುಚ್ಚಿ ಸಕ್ಕರೆಯನ್ನು ನೋಡುವ ಕೈಗೆ ಮೂತ್ರದ ಪಟ್ಟಿಯನ್ನೂ ಕೊಟ್ಟರೆ ಎಷ್ಟು ಹೊರೆಯಾದೀತು? ಹಣದ ಪ್ರಶ್ನೆ ಎತ್ತುವ ಅಧಿಕಾರಿಗಳಿಗೆ ನಮ್ಮದೊಂದು ಲೆಕ್ಕವುಂಟು: ಒಬ್ಬ ರೋಗಿಯ ೧೫೬ ಸಲದ ಡಯಾಲಿಸಿಸ್ಸಿಗೆ ಒಂದು ವರ್ಷ ತಗಲುವ ವೆಚ್ಚವನ್ನು ಒಂದು ಕಡೆ ಬರೆಯಿರಿ, ಅಷ್ಟು ಹಣದಲ್ಲಿ ಎಷ್ಟು ಜನರ ಮೂತ್ರವನ್ನು ಪರೀಕ್ಷಿಸಬಹುದೆಂದು ಇನ್ನೊಂದು ಕಡೆ ಬರೆಯಿರಿ. ಜಿಲ್ಲೆಯು ೨೦೦೭ರಲ್ಲಿ ಹುಟ್ಟಿತು, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನು ಪಡೆಯಿತು. ನಾಮಫಲಕಗಳನ್ನು ಬದಲಾಯಿಸಲು ಹಣ ಸಿಕ್ಕಿತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆದುದರಿಂದ ನಾವು ಕೇಳುವುದಿಷ್ಟೆ. ನಮ್ಮ ತಾಲ್ಲೂಕುಗಳ ಪ್ರತಿಯೊಂದು ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿಯೂ ಸಕ್ಕರೆ ಅಥವಾ ಒತ್ತಡದ ಮಾತ್ರೆ ಪಡೆಯುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಎರಡೂ ಪರೀಕ್ಷೆಗಳಾಗಬೇಕು. ಕ್ರಿಯಾಟಿನಿನ್ ವರದಿ ಮಾಡುವ ಪ್ರಯೋಗಶಾಲೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ವಯಸ್ಸು ಲಿಂಗಗಳನ್ನು ಹಿಡಿದು ಗುಣಿಸಿದ ಸೋಸುವ ಶಕ್ತಿಯ ಅಂಕಿಯನ್ನೂ ಪಕ್ಕದಲ್ಲಿಯೇ ಬರೆಯಬೇಕು. ಮೇಲೆ ಹೆಸರಿಸಿದ ಮಾತ್ರೆಗಳು ಮಾಗಡಿಯ ಗಡಿಹಳ್ಳಿಯಲ್ಲಿಯೂ ಸಿಗಬೇಕು. ತಿಂಗಳು ಬಿಟ್ಟು ತಿಂಗಳಲ್ಲ, ಪ್ರತಿ ತಿಂಗಳೂ. ತಜ್ಞರ ಅಗತ್ಯವಿದ್ದವರನ್ನು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಗೆ ಚೀಟಿಯೊಡನೆ ಕಳುಹಿಸಿ, ಹಿಂದಿರುಗಿದವರ ಚೀಟಿಯನ್ನು ಹಳ್ಳಿಯ ದಾದಿಯು ಓದುವಂತಾಗಬೇಕು, ಕನ್ನಡದಲ್ಲಿ. ವಾಚಕರೂ ಸರ್ಕಾರಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಸಲ ಮಾತ್ರೆಗೆ ಹೋದಾಗ, ನಮ್ಮ ಮೂತ್ರದ ಆಲ್ಬುಮಿನ್ ನೋಡಿದಿರಾ ಎಂದು ಬಾಯಿಬಿಟ್ಟು ಕೇಳಲಿ. ನಮ್ಮ ಅಚ್ಚುಕೂಟದಲ್ಲಿ ಸಕ್ಕರೆ, ಒತ್ತಡಗಳುಳ್ಳ ಏಳು ಮಂದಿಗೆ ಈ ಪರೀಕ್ಷೆ ಮಾಡಿಸಿದೆವು. ಇಬ್ಬರಲ್ಲಿ ದೋಷ ಕಂಡಿತು. ಮೂರು ತಿಂಗಳ ಬಳಿಕ ಮತ್ತೆ ನೋಡಬೇಕಾಗಿದೆ. ಆ ಇಬ್ಬರೂ ಇಂದು ರಾತ್ರಿಯ ಪಾಳಿಯಲ್ಲಿ ಕೆಲಸಕ್ಕಿದ್ದಾರೆ.

ತಿಂಗಳು ತಿಂಗಳೂ ಯಾವ ಕೇಂದ್ರದಲ್ಲಿ ಎಷ್ಟು ಜನರ ಪರೀಕ್ಷೆಯಾಯಿತು, ಎಷ್ಟು ಜನರಿಗೆ ಮಾತ್ರೆ ಸಿಕ್ಕಿತು ಎಂಬ ಪಟ್ಟಿಯನ್ನು ಜಿಲ್ಲೆಯ ಆರೋಗ್ಯಾಧಿಕಾರಿಗಳು ಕಳುಹಿಸಿಕೊಟ್ಟರೆ, ಡಯಾಲಿಸಿಸ್ ಯಂತ್ರದ ಭಾವಚಿತ್ರ ಬರುತ್ತಿದ್ದ ಪುಟದಲ್ಲಿಯೇ ಅದನ್ನು ಅಚ್ಚುಹಾಕುತ್ತೇವೆ. ಅದಕ್ಕಾಗಿ ಎರಡು ಅಂಕಣಗಳ ಸ್ಥಳವನ್ನು ಇಂದಿನಿಂದಲೇ ಮೀಸಲಿಟ್ಟಿದ್ದೇವೆ. ಜಾಹೀರಾತಿನ ದರ ಕೇಳುವುದಿಲ್ಲ.